ಸಕ್ಕರೆ ಇಲ್ಲದ ಪುನರ್ಪುಳಿ ಶರಬತ್ತು

ರಬ್ಬರ್ ಶೀಟು ಒಣಗಿಸುವ ಹೊಗೆಮನೆಯಲ್ಲಿ ಸ್ಟೀವಿಯಾ ಸೊಪ್ಪು ಒಣಗಿಸಿದರೆ ಅದರ ಶರಬತ್ತು ಹೇಗಿರುತ್ತದೆ ಅಂತ ನನ್ನನ್ನು ಕೇಳಬೇಕು. ಹೊಸ ಹವಾಯಿ ಚಪ್ಪಲಿಯನ್ನು ಪಾಕದಲ್ಲಿ ಅದ್ದಿ ನೆಕ್ಕಿದ ಹಾಗಿರುತ್ತದೆ. ಮೊದಲ ಗುಟುಕು ಕುಡಿದದ್ದು ನಾನು. ಎರಡನೆಯದು ಮಾವ. ಮೂರನೆಯದಕ್ಕೆ ಜನ ಸಿಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ಮಳೆಗಾಲ ಕಳೆದಿತ್ತು. ಸ್ಟೀವಿಯಾ ಅಂತ ಸಕ್ಕರೆಗಿಂತ ಎಷ್ಟೋ ಪಾಲು ಸಿಹಿ ಇರುವ ಸೊಪ್ಪು ಬಂದಿದೆಯಂತೆ, ಸಕ್ಕರೆ ಕಾಯಿಲೆಯವರೂ ತಿನ್ನಬಹುದಂತೆ ಎಂಬ ಸುದ್ದಿ ನರ್ಸರಿಯವರ ಬಾಯಿಂದ ಊರೆಲ್ಲ ಹಬ್ಬಿತ್ತು. ಮಾವನಿಗೆ ಮೂಡಬಿದಿರೆಯಲ್ಲಿ ಒಂದು ಶೆಡ್ಡು. ಅಲ್ಲಿ ಪುನರ್ಪುಳಿ, ನನ್ನಾರಿ, ಲಿಂಬೆ ಅಂತ ಶರಬತ್ತು ಕಾಯಿಸಿ ಬಾಟಲಿಗೆ ತುಂಬುತ್ತಿದ್ದರು. ಅವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ಬಸ್ಸಿನಲ್ಲಿ ಬಂಟ್ವಾಳ, ಬೆಳ್ತಂಗಡಿ ಅಂತ ಅಂಗಡಿ ಅಂಗಡಿ ತಿರುಗುವವನು ನಾನು. ಪೆಟ್ಟಿಗೆಯ ಆಚೆ ಈಚೆ ನನ್ನ ಎರಡು ಕಿವಿ ಮಾತ್ರ ಕಾಣುತ್ತಿದ್ದುದರಿಂದ ಕಂಡಕ್ಟರುಗಳು ನನ್ನನ್ನು ‘ಹಿಡಿಕೆ ಇರುವ ಪೆಟ್ಟಿಗೆ’ ಅನ್ನುತ್ತಿದ್ದರು. ಅವರು ಹಾಗೆ ಹೇಳುವುದನ್ನೇ ನಾನು ಅವರ ಸ್ವರದಲ್ಲಿ ಹೇಳಿ ತೋರಿಸುತ್ತಿದ್ದೆ. ಜನರ ಸ್ವರ ಕದಿಯುವುದು ನನ್ನ ಚಟ. ಒಂದು ಅಂಗಡಿಯವನ ಸ್ವರವನ್ನು ಇನ್ನೊಂದು ಅಂಗಡಿಯಲ್ಲಿ ಮಾಡಿ ತೋರಿಸಿದರೆ ನಗುತ್ತಾ ಎರಡು ಬಾಟಲಿ ಹೆಚ್ಚು ಇಟ್ಟುಕೊಳ್ಳುತ್ತಿದ್ದರು.

ಮಾವ ಅಂದರೆ ಅಮ್ಮನ ಅಣ್ಣ. ನಮ್ಮಲ್ಲಿ ಅಮ್ಮನ ಅಣ್ಣನ ಕುರ್ಚಿ ಅಪ್ಪನ ಕುರ್ಚಿಗಿಂತ ಒಂದು ಗೇಣು ಎತ್ತರ. ಅವರ ಮಾತಿಗೊಂದು ಮುನ್ನುಡಿ ಉಂಟು. ಗಂಟಲು ಸರಿಮಾಡಿ, “ಹ್ಞಾಂ, ನೋಡುವ” ಅನ್ನಬೇಕು, ಆಮೇಲೆ ವಿಷಯ. ಆ ‘ನೋಡುವ’ವನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಅಂದರೆ ಒಮ್ಮೆ ಅತ್ತೆ ಒಳಗಿನಿಂದ ನನಗೇ ಚಹಾ ತಂದಿಟ್ಟು ಹೋಗಿದ್ದರು.

“ಹ್ಞಾಂ, ನೋಡುವ,” ಅಂದರು ಮಾವ ಒಂದು ದಿನ. “ಈಗ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ. ಅವರು ಶರಬತ್ತು ಕುಡಿಯುವುದು ಬೇಡವಾ? ಆ ಸೊಪ್ಪಿನಲ್ಲಿ ಪುನರ್ಪುಳಿ ಮಾಡುವ. ನೀನು ಮಾಡು. ಇದು ನಿನ್ನ ಕೆಲಸ.”

‘ನಿನ್ನ ಕೆಲಸ’ ಅಂತ ನನಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ನಾನು ಉಬ್ಬಿದೆ.

ಸೊಪ್ಪು ಸಿಕ್ಕಿದ್ದು ಕಕ್ಕಿಂಜೆಯಲ್ಲಿ, ಒಬ್ಬ ರಬ್ಬರ್ ಬೆಳೆಗಾರರ ಹತ್ತಿರ. ಹೂವು ಬಿಡುವ ಮೊದಲೇ ಕತ್ತರಿಸಬೇಕು, ಹೂವು ಬಂದರೆ ಎಲೆಯ ಸಿಹಿ ಹೋಗುತ್ತದೆ ಅಂತ ನರ್ಸರಿಯವರು ಹೇಳಿದ್ದರಂತೆ. ಅವರು ಸರಿಯಾಗಿ ಮೇ ಕೊನೆಯಲ್ಲಿ ಮೊಗ್ಗಿಗೆ ಮೊದಲು ಕತ್ತರಿಸಿದರು. ಕತ್ತರಿಸಿದ ಮರುದಿನವೇ ಚಾರ್ಮಾಡಿಯ ಕಡೆಯಿಂದ ಮಳೆ ಇಳಿಯಿತು. ಬಿಸಿಲಿಲ್ಲ. ಬೆಳೆಗಾರರು ತಲೆ ಓಡಿಸಿ ಸೊಪ್ಪನ್ನು ರಬ್ಬರಿನ ಹೊಗೆಮನೆಯಲ್ಲಿ ಶೀಟುಗಳ ಪಕ್ಕ ಹರಡಿದರು.

“ಚಂದ ಗರಿಗರಿ ಒಣಗಿದೆ ನೋಡಿ,” ಅಂದರು.

ಒಣಗಿತ್ತು, ಹೌದು. ಆ ಗೋಣಿಯನ್ನು ಬಸ್ಸಿನಲ್ಲಿ ತರುವಾಗ ಪಕ್ಕದಲ್ಲಿ ಕೂತವರು ಟಯರು ಪಂಕ್ಚರ್ ಆಯಿತಾ ಅಂತ ಕಿಟಕಿಯಿಂದ ಬಗ್ಗಿ ನೋಡಿದರು.

ಎರಡನೆಯ ಕೊಯ್ಲಿನ ಸೊಪ್ಪನ್ನು ಮಾವನ ಶೆಡ್ಡಿನಲ್ಲೇ, ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗದ ಹಾಗೆ ತಗಡು ಅಡ್ಡ ಇಟ್ಟು ಒಣಗಿಸಿದೆ. ಪುಡಿ ಹಸಿರಾಗಿ ಬಂತು. ನಾಲಗೆಗೆ ತಾಗಿಸಿದರೆ ಸಿಹಿ ಬಂದು ಕೂತು ಏಳುವುದೇ ಇಲ್ಲ, ಊಟಕ್ಕೆ ಬಂದ ನೆಂಟರ ಹಾಗೆ.

ಇನ್ನು ಶರಬತ್ತು. ನಮ್ಮ ಕಡೆ ಅಜ್ಜಿಯಂದಿರ ಕ್ರಮ ಗೊತ್ತಲ್ಲ: ಗಾಜಿನ ಭರಣಿಯಲ್ಲಿ ಒಂದು ಪದರ ಪುನರ್ಪುಳಿ ಸಿಪ್ಪೆ, ಒಂದು ಪದರ ಸಕ್ಕರೆ, ಮೇಲಿನವರೆಗೆ ತುಂಬಿ ಬಿಸಿಲಿಗಿಡುವುದು. ದಿನ ಕಳೆದ ಹಾಗೆ ಸಿಪ್ಪೆ ಸೊರಗಿ ಕೆಂಪು ರಸ ಮೇಲೆ ನಿಲ್ಲುತ್ತದೆ. ನಾನು ಸಕ್ಕರೆಯ ಜಾಗದಲ್ಲಿ ಸೊಪ್ಪಿನ ಪುಡಿ ಹಾಕಿ, ಮಳೆ ಬಿಟ್ಟಾಗಲೆಲ್ಲ ಭರಣಿಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಏನೂ ಆಗಲಿಲ್ಲ. ರಸ ಬರುವುದಿರಲಿ, ಸಿಪ್ಪೆಗೆ ಬೂಸ್ಟು ಬಂತು. ಸಿಪ್ಪೆಯಿಂದ ರಸವನ್ನು ಎಳೆಯುವುದೇ ಸಕ್ಕರೆ, ಕೆಡದ ಹಾಗೆ ಕಾಯುವುದೂ ಅದೇ, ಸಿಹಿ ಅದರ ಮೂರನೆಯ ಕೆಲಸ ಅಂತ ಆಗ ನನಗೆ ಗೊತ್ತಾಯಿತು. ನಾವು ಒಬ್ಬನನ್ನು ಕೆಲಸದಿಂದ ತೆಗೆದಿದ್ದೆವು. ಅವನು ಮಾಡುತ್ತಿದ್ದದ್ದು ಮೂವರ ಕೆಲಸ.

ಆಮೇಲೆ ಒಣಸಿಪ್ಪೆಗೆ ಇಳಿದೆ. ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಚಿಟಿಕೆ ಉಪ್ಪು ಹಾಕಿ ಹಿಂಡಿ, ಕುದಿಸಿ ಇಳಿಸುವುದು. ಸೊಪ್ಪನ್ನು ಅದರೊಂದಿಗೇ ಕುದಿಸಿದೆ. ಕಷಾಯದಂಥ ಕಹಿ. ಬೇರೆ ಪಾತ್ರೆಯಲ್ಲಿ ಕುದಿಸಿದೆ. ಕಹಿ ಕಡಿಮೆಯಾಯಿತು, ಆದರೆ ಸೊಪ್ಪಿನ ಹಸಿರು ಪುನರ್ಪುಳಿಯ ಕೆಂಪಿಗೆ ಸೇರಿ ಬಣ್ಣ ಥೇಟ್ ಕೆಮ್ಮಿನ ಔಷಧ. ಶೆಡ್ಡಿನಲ್ಲಿ ಒಲೆ ನೋಡಿಕೊಳ್ಳುವ ಅಕ್ಕ ಒಂದು ಲೋಟ ಬಗ್ಗಿಸಿ ನೋಡಿ, “ಇದನ್ನು ಊಟಕ್ಕೆ ಮೊದಲು ಕುಡಿಯುವುದಾ, ನಂತರವಾ?” ಅಂದರು. ಅವರು ಹಾಗೆ ಅಂದದ್ದನ್ನು ಅವರ ಸ್ವರದಲ್ಲೇ ತಿರುಗಿ ಹೇಳಿದೆ. ಸೌಟು ಎತ್ತಿದರು. ಕೊನೆಗೆ ಸರಿಯಾದದ್ದು ಹೀಗೆ: ನೀರು ಕುದಿದ ಮೇಲೆ ಒಲೆಯಿಂದ ಕೆಳಗಿಳಿಸಿ, ಸೊಪ್ಪು ಹಾಕಿ ಮುಚ್ಚಿಟ್ಟು, ಮಾವನ ಹಳೆ ಪಂಚೆಯಲ್ಲಿ ಹಿಂಡದೆ ಸೋಸುವುದು. ಹಿಂಡಿದರೆ ಕಹಿ ಇಳಿಯುತ್ತದೆ. ತಿಳಿಯನ್ನು ಮಾತ್ರ ಕೊನೆಯಲ್ಲಿ ಸೇರಿಸುವುದು.

ರುಚಿ ನಿಂತಿತು. ಬಾಟಲಿ ನಿಲ್ಲಲಿಲ್ಲ. ಬೆಳ್ತಂಗಡಿಯ ಹೋಟೆಲಿನವರೊಬ್ಬರಿಗೆ ಮೊದಲ ಪೆಟ್ಟಿಗೆ ಕೊಟ್ಟು ಬಂದೆ. ವಾರ ಕಳೆದು ಹೋದಾಗ ಅವರು ಗಲ್ಲಾದಿಂದಲೇ ಕೂಗಿದರು:

“ಬಾ ಮಾರಾಯ, ಬಾ! ನಾನು ಬಾರ್ ನಡೆಸಲು ಲೈಸೆನ್ಸು ತೆಗೆದಿಲ್ಲ. ನಿನ್ನ ಶರಬತ್ತು ಹುಳಿ ಬಂದು ಮುಚ್ಚಳ ಹಾರಿ ದೇವರ ಪಟದವರೆಗೆ ಹೋಗಿದೆ. ಮೂಸಿ ನೋಡು, ಕಳ್ಳಿನ ಪರಿಮಳ!”

ಮುಂದಿನ ದಿನಗಳಲ್ಲಿ ಸಣ್ಣ ಬಾಟಲಿ ತಂದೆ. ಬಾಟಲಿ, ಮುಚ್ಚಳ ಎಲ್ಲವನ್ನೂ ನೀರಿನಲ್ಲಿ ಕುದಿಸಿ, ಶರಬತ್ತನ್ನು ಬಿಸಿ ಇರುವಾಗಲೇ ಕಂಠದವರೆಗೆ ತುಂಬಿ, ಮುಚ್ಚಿ ಅಡ್ಡ ಮಲಗಿಸಿದೆ, ಬಿಸಿ ಮುಚ್ಚಳದ ಒಳಗೂ ತಾಗಲಿ ಅಂತ. ಲೇಬಲ್ಲಿನಲ್ಲಿ ‘ಸಕ್ಕರೆ ಇಲ್ಲ’ ಅಂತ ದೊಡ್ಡದಾಗಿಯೂ ‘ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ, ವಾರದೊಳಗೆ ಮುಗಿಸಿ’ ಅಂತ ಅದರ ಕೆಳಗೂ ಬರೆಸಿದೆ. ಮಾವನಿಗೆ ಆ ಎರಡನೆಯ ಸಾಲು ಹಿಡಿಸಲಿಲ್ಲ. ಶರಬತ್ತಿನ ತೆಳುವಂತೂ ಹಿಡಿಸಲೇ ಇಲ್ಲ.

“ಶರಬತ್ತು ಅಂದ್ರೆ ಬೆರಳಿಗೆ ಅಂಟಬೇಕು. ಇದು ಕೈ ತೊಳೆದ ನೀರಿನ ಹಾಗೆ ಉಂಟು.”

“ಅಂಟುವುದು ಸಕ್ಕರೆ, ಮಾವ. ಸಕ್ಕರೆ ಇಲ್ಲದ್ದು ಅಂಟುವುದಿಲ್ಲ.”

“ಹ್ಞಾಂ, ನೋಡುವ,” ಅಂದರು ಅವರು.

ಆ ತೆಳು ಶರಬತ್ತಿಗೆ ಮೊದಲ ನಿಜವಾದ ಗಿರಾಕಿ ಪಾಣೆಮಂಗಳೂರಿನ ಒಬ್ಬರು ಉಮ್ಮ. ಅಲ್ಲಿ ದಿನಸಿ ಅಂಗಡಿ ಇಟ್ಟ ಬ್ಯಾರಿ ಗೆಳೆಯನ ತಾಯಿ. ಅವನ ಅಂಗಡಿಯ ಹಿಂದೆಯೇ ಮನೆ. ನಾನು ಹೋದಾಗಲೆಲ್ಲ ಉಮ್ಮ ಚಾವಡಿಯ ಬೆಂಚಿನಲ್ಲಿ ಕೂತು, “ಮೋನೇ, ಇವತ್ತು ಯಾರನ್ನು ತಂದಿದ್ದೀ?” ಅಂತ ಕೇಳುತ್ತಿದ್ದರು. ಮೋನೇ ಅಂದರೆ ಮಗನೇ. ಯಾರನ್ನು ಅಂದರೆ ಯಾರ ಸ್ವರವನ್ನು. ನಾನು ಒಂದು ಸ್ವರ ಕೊಟ್ಟರೆ ಅವರು ಒಂದು ಲೋಟ ಚಹಾ ಕೊಡಿಸುವರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಶರಬತ್ತು ಕುಡಿದದ್ದು ಯಾವಾಗ ಅಂತ ಮರೆತೇ ಹೋಗಿದೆ ಅಂದರು. ನನ್ನ ಬಾಟಲಿಯಿಂದ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿ, ಹೇಳಿದ್ದು ಇಷ್ಟೇ: “ತೆಳು ಆಯ್ತು. ಆದ್ರೂ ಶರಬತ್ತೇ.” ಮರುತಿಂಗಳ ರಕ್ತ ಪರೀಕ್ಷೆಯಲ್ಲಿ ಏರುಪೇರು ಇರಲಿಲ್ಲ. ನನಗೆ ಅಂದು ಪಾಣೆಮಂಗಳೂರಿನ ಸೇತುವೆ ನಾನೇ ಕಟ್ಟಿಸಿದ್ದು ಅನ್ನಿಸಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮಾವ ಒಂದು ಬೆಳಿಗ್ಗೆ ನನ್ನನ್ನು ಕರೆದು ಹೊಸ ಬಾಟಲಿ ಕೊಟ್ಟರು. ಅಲ್ಲಾಡಿಸಿದೆ. ಶರಬತ್ತು ಗಾಜಿಗೆ ಹಿಡಿದು ನಿಧಾನ ಇಳಿಯಿತು. ಕುಡಿದೆ. ಕಹಿಯ ಬಾಲವೇ ಇಲ್ಲ, ಏಲಕ್ಕಿಯ ಘಮ.

“ಏನು ಮಾಡಿದ್ರಿ ಮಾವ?”

“ಕಾಮಕಸ್ತೂರಿ ಬೀಜ ನೆನೆಸಿದ ನೀರು. ಅದರ ಲೋಳೆಗೆ ದಪ್ಪ ಬಂತು. ನೀನು ಅಂಗಡಿ ಲೈನಿಗೆ ಹೋದಾಗ ನಾನು ಕೂತು ಪರೀಕ್ಷೆ ಮಾಡಿದೆ.” ಗಂಟಲು ಸರಿಮಾಡಿಕೊಂಡರು. “ಇನ್ನು ಮುಂದೆ ಕಾಯಿಸುವುದು ನಾವು ನೋಡಿಕೊಳ್ತೇವೆ. ನೀನು ಮಾರು. ಈ ಬಾಯಿ ಶೆಡ್ಡಿನೊಳಗೆ ಇದ್ರೆ ವೇಸ್ಟ್.”

ಅಷ್ಟು ತಿಂಗಳು ಆ ಸೊಪ್ಪು ನೆಕ್ಕಿ ನನ್ನ ನಾಲಗೆಗೆ ಎಲ್ಲವೂ ಸಿಹಿಯೇ ಆಗಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದವರು ಮಾವ. ನಂಬಿದೆ. ನನಗೆ ಹೊಳೆಯದ ಉಪಾಯ ಅವರಿಗೆ ಹೊಳೆಯಿತು ಅಂತ ಅಸೂಯೆ ಒಂದು ಚಮಚ ಆಯಿತು, ಹೆಮ್ಮೆ ಒಂದು ಸೌಟು. ಎಲ್ಲ ಅಂಗಡಿಗಳಿಗೂ ಹೊಸದನ್ನು ಹಾಕಿದೆ. ಹುಳಿಯಲಿಲ್ಲ. ಮುಚ್ಚಳ ಹಾರಲಿಲ್ಲ. ಬೆಳ್ತಂಗಡಿಯ ಹೋಟೆಲಿನವರು, “ಈಗ ಇದು ಮನುಷ್ಯರ ಶರಬತ್ತು,” ಅಂದರು.

ಅಷ್ಟರಲ್ಲಿ ರಂಜಾನ್ ಬಂತು. ಡಾಕ್ಟ್ರು ಉಪವಾಸ ಬೇಡ ಅಂದಿದ್ದರೂ ಉಮ್ಮ ಕೇಳಲಿಲ್ಲ. ಕೊನೆಗೆ ಡಾಕ್ಟ್ರೇ ಮಾತ್ರೆಯ ಹೊತ್ತು ಬದಲಿಸಿ, ಸಿಹಿ ಮುಟ್ಟಬಾರದು ಅಂತ ಷರತ್ತು ಹಾಕಿ ಒಪ್ಪಿದ್ದರಂತೆ. ಸಂಜೆ ಮಸೀದಿಯಲ್ಲಿ ಬಾಂಗ್ ಆದ ಕೂಡಲೇ ಉಪವಾಸ ಬಿಡಲು ಎಲ್ಲರಿಗೂ ಖರ್ಜೂರ, ಶರಬತ್ತು. ಉಮ್ಮನಿಗೆ ನನ್ನ ಬಾಟಲಿಯದ್ದು. ಆ ತಿಂಗಳಿಗೆಂದೇ ಗೆಳೆಯ ಒಂದು ಪೆಟ್ಟಿಗೆ ಒಳಗೆ ತೆಗೆದಿಟ್ಟಿದ್ದ.

ನಾನು ಮತ್ತೆ ಹೋದಾಗ ಉಮ್ಮ “ಯಾರನ್ನು ತಂದಿದ್ದೀ” ಅಂತ ಕೇಳಲಿಲ್ಲ. ಗೆಳೆಯ ಅಂಗಡಿಯಲ್ಲೇ ಹೇಳಿದ: “ಉಮ್ಮನ ಶುಗರ್ ಏರಿದೆ ಮಾರಾಯ. ಡಾಕ್ಟ್ರು ಬಾಯಿಗೆ ಬಂದ ಹಾಗೆ ಬೈದ್ರು. ಕಾಲು ಊದಿದೆ, ಕಣ್ಣು ಮಂಜು ಅಂತಾರೆ. ಕದ್ದು ತಿಂತಾ ಇದ್ದಾರೆ, ಮತ್ತೆಂತ? ಅಣ್ಣ ಹಲ್ವದ ಡಬ್ಬಿ ಅವನ ಕೋಣೆಗೆ ತೆಗೆದುಕೊಂಡು ಹೋಗಿದ್ದಾನೆ. ಅತ್ತಿಗೆ ರಾತ್ರಿ ಉಮ್ಮನ ದಿಂಬು ಎತ್ತಿ ನೋಡಿದ್ರಂತೆ.”

ಚಾವಡಿಗೆ ಹೋದೆ. ಉಮ್ಮ ಗೋಡೆ ನೋಡಿಕೊಂಡು ಕೂತಿದ್ದರು. ನಗಿಸಲು ಬಂಟ್ವಾಳದ ಡಾಕ್ಟ್ರ ಸ್ವರ ಮಾಡಿದೆ. ನಗಲಿಲ್ಲ.

“ಮೋನೇ, ನಾನು ಒಂದು ಖರ್ಜೂರ ಸಹ ಮುಟ್ಟಲಿಲ್ಲ. ನೀನು ಹೇಳು, ನಿನ್ನ ಶರಬತ್ತಿನಲ್ಲಿ ಎಂತ ಉಂಟು?”

“ಪುನರ್ಪುಳಿ, ಸೊಪ್ಪು, ಏಲಕ್ಕಿ, ಕಾಮಕಸ್ತೂರಿ ನೀರು. ಅಮ್ಮನಾಣೆ ಉಮ್ಮ, ಸಕ್ಕರೆ ಒಂದು ಕಾಳು ಇಲ್ಲ. ಇದನ್ನು ಮೊದಲು ಮಾಡಿ ನೋಡಿದ್ದೇ ನಾನು.”

ಒಳಬಾಗಿಲ ಪರದೆಯ ಹಿಂದೆ ಯಾರೋ ಬಳೆ ಸರಿಸಿಕೊಂಡರು. ಉಮ್ಮ ನನ್ನ ಮುಖವನ್ನೇ ನೋಡಿದರು. ನಾನು ನಿಜ ಹೇಳುತ್ತಿದ್ದೇನೆ ಅಂತ ಅವರಿಗೆ ಕಂಡಿತು. ಅದೇ ತೊಂದರೆಯಾದದ್ದು.

“ಹಾಗಾದ್ರೆ ನಾನೇ ಕಳ್ಳಿ,” ಅಂದರು.

ಅಲ್ಲಿಂದ ಬಂಟ್ವಾಳ ಪೇಟೆಗೆ ಬಂದು ಎಸ್‌ಟಿಡಿ ಬೂತಿಗೆ ಹೊಕ್ಕೆ. ಬಸ್ಸು ತಪ್ಪಿತ್ತು, ಬರುವುದು ತಡ ಅಂತ ಶೆಡ್ಡಿಗೆ ತಿಳಿಸಬೇಕಿತ್ತು. ಮನಸ್ಸು ಕೆಟ್ಟಿತ್ತು. ಮನಸ್ಸು ಕೆಟ್ಟಾಗ ನಾನು ಮಾಡುವುದು ಒಂದೇ ಕೆಲಸ. ಆಚೆ ಫೋನೆತ್ತಿದ್ದು ಒಲೆಯ ಅಕ್ಕ, ಅಂದರೆ ಮಾವ ಶೆಡ್ಡಿನಲ್ಲಿಲ್ಲ. ಗಂಟಲು ಸರಿಮಾಡಿದೆ.

“ಹ್ಞಾಂ, ನೋಡುವ. ಕೆಲಸ ಎಲ್ಲಿಗೆ ಮುಟ್ಟಿತು?”

ಒಂದು ನಿಮಿಷ ಗಡಿಬಿಡಿ ಮಾಡಿಸಿ ಆಮೇಲೆ ನಗುವುದು ಅಂತ ಇತ್ತು.

“ಆಯ್ತು ಧಣಿ,” ಅಂದರು ಅಕ್ಕ. “ಬೆಲ್ಲದ ಪಾಕ ಇಳಿಸಿದ್ದೇನೆ. ಸೋಸಿಯೂ ಆಯ್ತು. ಉಳಿದ ಬೆಲ್ಲವನ್ನು ಸೌದೆ ಕೋಣೆಯಲ್ಲಿ ಗೋಣಿ ಮುಚ್ಚಿ ಇಟ್ಟಿದ್ದೇನೆ, ಅಳಿಯ ಬರುವುದರೊಳಗೆ.”

ನಗು ಬಾಯಿಯವರೆಗೆ ಬಂದಿತ್ತು. ಅಲ್ಲೇ ನಿಂತಿತು. ಫೋನು ಇಟ್ಟುಬಿಡಬಹುದಿತ್ತು. ಆದರೆ ಗಂಟಲಲ್ಲಿ ಮಾವ ಇನ್ನೂ ಕೂತಿದ್ದರು, ಅವರೇ ಕೇಳಿದರು:

“ಅವನಿಗೆ ಏನಾದ್ರೂ ಗೊತ್ತಾಗಿದೆಯಾ?”

“ಅವನಿಗೆ ಎಲ್ಲಿಂದ ಧಣಿ? ನೀವೇ ಹೇಳಿದ್ದಲ್ವಾ, ಗೊತ್ತಾದ್ರೆ ಅವನ ಮುಖದಲ್ಲಿ ಕಾಣ್ತದೆ, ಗೊತ್ತಿಲ್ಲದಿದ್ರೆ ಚಂದ ಮಾರ್ತಾನೆ ಅಂತ.”

ಬೂತಿನ ಹುಡುಗಿ ಗಾಜಿಗೆ ಕುಟ್ಟಿ, ಆಯಿತಾ ಅಂತ ಸನ್ನೆ ಮಾಡಿದಳು. ಆಯಿತು.

ಶರಬತ್ತಿಗೆ ಅವರು ಬೆಲ್ಲ ಹಾಕಿದ್ದರು, ಅದು ಒಂದು. ಆದರೆ ಅದರಲ್ಲಿ ನನ್ನನ್ನೂ ಹಾಕಿದ್ದರು. ಅಮ್ಮನಾಣೆ ಅಂತ ನಾನು ಕಣ್ಣು ಮಿಟುಕಿಸದೆ ಹೇಳುವುದು ಅವರಿಗೆ ಏಲಕ್ಕಿಯ ಹಾಗೆ, ಪರಿಮಳಕ್ಕೆ ಬೇಕಿತ್ತು. ಊರಿನವರ ಸ್ವರವನ್ನೆಲ್ಲ ನನ್ನ ಬಾಯಲ್ಲಿ ಆಡಿಸಿದೆ ಅಂತ ಕುಣಿಯುತ್ತಿದ್ದೆ. ಅಷ್ಟು ಕಾಲ ನನ್ನನ್ನು ಆಡಿಸಿದವರು ಬೇರೆಯೇ ಇದ್ದರು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಮಾವ ಪೇಪರು ಓದುತ್ತಿದ್ದರು. ಸೌದೆ ಕೋಣೆಯಿಂದ ಒಂದು ಅಚ್ಚು ಬೆಲ್ಲ ತಂದು ಅವರ ಪೇಪರಿನ ಮೇಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಪೇಪರನ್ನು ಮಡಚಿದರು.

“ಹ್ಞಾಂ, ನೋಡುವ. ಬೆಲ್ಲ ಹಾಕಿದ್ದೇನೆ. ಏನೀಗ?”

“ಬಾಟಲಿಯಲ್ಲಿ ಸಕ್ಕರೆ ಇಲ್ಲ ಅಂತ ಬರೆದಿದ್ದೇವಲ್ಲ ಮಾವ.”

“ಸಕ್ಕರೆ ಎಲ್ಲಿ ಹಾಕಿದ್ದೇನೆ? ಬೆಲ್ಲ ಇಲ್ಲ ಅಂತ ಬರೆದಿದ್ದೇವಾ? ಸಕ್ಕರೆಗೆ ಮದ್ದು ಹಾಕ್ತಾರೆ, ಅದು ವಿಷ. ಬೆಲ್ಲ ಕಬ್ಬಿನದ್ದು, ಅದೂ ಗಿಡವೇ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಬೆಳೆದವರು ನಾವು. ಯಾರು ಸತ್ತಿದ್ದಾರೆ?”

ಅರ್ಧ ಅವರು ನಂಬಿಯೇ ಹೇಳುತ್ತಿದ್ದರು. ಬೆಲ್ಲ ಸಕ್ಕರೆಯಲ್ಲ, ಕಾಯಿಲೆಯವರಿಗೂ ಸ್ವಲ್ಪ ನಡೆಯುತ್ತದೆ ಅಂತ ನಮ್ಮೂರಲ್ಲಿ ಹೇಳುವವರು ಅವರೊಬ್ಬರೇ ಅಲ್ಲ. ಆದರೆ ನಂಬಿದ ಬೆಲ್ಲವನ್ನು ಯಾರೂ ಗೋಣಿ ಮುಚ್ಚಿ ಇಡುವುದಿಲ್ಲ.

“ಪಾಣೆಮಂಗಳೂರಿನ ಉಮ್ಮನಿಗೆ ಶುಗರ್ ಏರಿದೆ. ಮನೆಯವರು ಅವರನ್ನು ಕಳ್ಳಿ ಅಂತಿದ್ದಾರೆ.”

“ಪ್ರಾಯದವರಿಗೆ ಏರ್ತದೆ, ಇಳೀತದೆ. ಹಬ್ಬ ಮುಗಿಯಲಿ, ಅಂಗಡಿಗಳಲ್ಲಿ ಇದ್ದದ್ದು ಖಾಲಿ ಆಗಲಿ. ಮತ್ತೆ ನಿನ್ನ ಆ ಕೈ ತೊಳೆದ ನೀರನ್ನೇ ಮಾಡುವ.”

“ನನಗಾದ್ರೂ ಯಾಕೆ ಹೇಳಲಿಲ್ಲ ಮಾವ?”

“ಹೇಳಿದ್ರೆ ಮಾರ್ತಿದ್ದೆಯಾ?”

“ಇಲ್ಲ.”

“ಮತ್ತೆ?”

ನಾನು ಬಾಗಿಲ ಹತ್ತಿರ ಹೋದಾಗ ಅವರು ಕುರ್ಚಿಯಲ್ಲೇ ಕೂತು ಮೆಲ್ಲಗೆ ಹೇಳಿದರು, ಕೋಪದಿಂದಲ್ಲ, ಒಳ್ಳೆಯದಕ್ಕೇ ಎಂಬಂತೆ: “ಹೋಗಿ ಹೇಳಿದ್ರೂ ಯಾರು ನಂಬ್ತಾರೆ? ನೀನು ಎಲ್ಲರನ್ನೂ ಅಣಕಿಸುವವನು. ಇದೂ ಒಂದು ಅಂತ ನಗ್ತಾರೆ.”

ಮಧ್ಯಾಹ್ನ ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಅನ್ನ ಬಡಿಸುತ್ತಾ, “ಅಣ್ಣ ಹಾಗೆ ಮಾಡಬಾರದಿತ್ತು,” ಅಂದರು. ಸಾರು ಬಡಿಸುವಾಗ, “ಆದರೂ ಮಾವ ಅಲ್ವಾ, ಹೊರಗೆ ಹೇಳ್ಬೇಡ,” ಅಂದರು. ನಾನು ಮಜ್ಜಿಗೆಗೆ ಕಾಯಲಿಲ್ಲ.

ಪಾಣೆಮಂಗಳೂರು ಮುಟ್ಟುವಾಗ ಸಂಜೆ ಇಳಿಯುತ್ತಿತ್ತು. ಚಾವಡಿಯಲ್ಲಿ ಚಾಪೆ ಹಾಸಿ, ತಟ್ಟೆಯಲ್ಲಿ ಖರ್ಜೂರ ಇಟ್ಟು, ಉಮ್ಮ, ಇಬ್ಬರು ಗಂಡುಮಕ್ಕಳು, ಮೊಮ್ಮಕ್ಕಳು ಬಾಂಗಿಗೆ ಕಾಯುತ್ತಿದ್ದರು. ಪರದೆಯ ಹಿಂದೆ ಸೊಸೆಯಂದಿರು. ಉಮ್ಮನ ಎದುರಿನ ಲೋಟದಲ್ಲಿ ಕೆಂಪು ಶರಬತ್ತು ಆಗಲೇ ಹೊಯ್ದಾಗಿತ್ತು. ನಾನು ಹೋಗಿ ಆ ಲೋಟ ಎತ್ತಿ ಅಂಗಳಕ್ಕೆ ಚೆಲ್ಲಿದೆ.

“ಏ, ಎಂತ ಮಾರಾಯ!” ಅಂದ ಗೆಳೆಯ.

ಹೇಳಬೇಕು. ಬಾಯಿ ತೆರೆದೆ. ಬಂದದ್ದು ಮಾವ.

“ಹ್ಞಾಂ, ನೋಡುವ. ಸಕ್ಕರೆ ಎಲ್ಲಿ ಹಾಕಿದ್ದೇನೆ? ಬೆಲ್ಲ ಇಲ್ಲ ಅಂತ ಬರೆದಿದ್ದೇವಾ?”

ಬೇಕಂತ ಮಾಡಿದ್ದಲ್ಲ. ಆ ಮಾತು ನನ್ನೊಳಗೆ ಆ ಸ್ವರದಲ್ಲೇ ಇತ್ತು. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡ ಮಗನೂ ನಕ್ಕ. ಪರದೆಯ ಹಿಂದೆಯೂ ಕಿಸಕ್ ಅಂತ ಕೇಳಿತು. ಮಾವ ಹೇಳಿದ ಹಾಗೇ ಆಯಿತು.

ಉಮ್ಮ ಕೈ ಎತ್ತಿದರು. ನಗು ನಿಂತಿತು.

“ಇವರು ಬೇಡ. ನೀನು ಹೇಳು ಮೋನೇ.”

“ಬಾಟಲಿಯಲ್ಲಿ ಬೆಲ್ಲ ಉಂಟು ಉಮ್ಮ. ಎರಡು ತಿಂಗಳಿಂದ. ನನ್ನ ಮಾವ ಹಾಕಿದ್ದು. ನನಗೆ ನಿನ್ನೆ ಗೊತ್ತಾಯ್ತು. ನೀವು ಏನೂ ಕದ್ದು ತಿಂದಿಲ್ಲ.”

ಸ್ವರ ತೆಳುವಾಗಿತ್ತು, ನಡುವೆ ಒಡೆಯಿತು. ಯಾರದ್ದೋ ಕೆಟ್ಟ ಅನುಕರಣೆಯ ಹಾಗೆ ನನಗೇ ಕೇಳಿಸಿತು.

ಉಮ್ಮ ಪರದೆಯ ಕಡೆ ನೋಡಿ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಬಳೆಯ ಸದ್ದೂ ಬರಲಿಲ್ಲ. ಆಮೇಲೆ ದೊಡ್ಡ ಮಗನನ್ನು ಗದ್ದದಲ್ಲೇ ತೋರಿಸಿ ನನಗೆ, “ಇನ್ನೊಮ್ಮೆ ಹೇಳು. ಇವನು ನಗುತ್ತಾ ಇದ್ದ, ಸರಿ ಕೇಳಿಸಿರಲಿಕ್ಕಿಲ್ಲ,” ಅಂದರು. ಇನ್ನೊಮ್ಮೆ ಹೇಳಿದೆ. ದೊಡ್ಡ ಮಗ ತಟ್ಟೆಯ ಖರ್ಜೂರಗಳನ್ನು ಸುಮ್ಮನೆ ಸರಿಮಾಡಿದ, ಅವು ಸರಿಯಾಗಿಯೇ ಇದ್ದವು. “ಉಮ್ಮಾ,” ಅಂತ ಶುರುಮಾಡಿ ಅಲ್ಲಿಗೇ ನಿಲ್ಲಿಸಿದ. ಉಮ್ಮ ಅವನಿಗೆ ಸಹಾಯ ಮಾಡಲಿಲ್ಲ.

ಎದ್ದು ಹೊರಟೆ. ನಾಳೆ ಬೆಳ್ತಂಗಡಿಯಿಂದ ಶುರುಮಾಡಿ ಬಾಟಲಿ ಕೊಟ್ಟ ಅಂಗಡಿಗಳಿಗೆಲ್ಲ ಹೋಗಿ ಹೇಳಬೇಕಿತ್ತು. ಮಾವನ ಶೆಡ್ಡಿನ ಬಾಗಿಲು ಇನ್ನು ನನಗಿಲ್ಲ ಅಂತಲೂ ಗೊತ್ತಿತ್ತು.

“ಎಲ್ಲಿಗೆ? ಕೂತ್ಕೊ,” ಅಂದರು ಉಮ್ಮ. “ಬಾಂಗ್ ಆಗುವ ಹೊತ್ತಿಗೆ ಮನೆಯಿಂದ ಎದ್ದು ಹೋಗ್ತಾರಾ?”

ಕೂತೆ. ಮಸೀದಿಯಿಂದ ಬಾಂಗ್ ಕೇಳಿಸಿತು. ಗೆಳೆಯ ಉಮ್ಮನಿಗೆ ಒಂದು ಲೋಟ ಬರೀ ನೀರು ಕೊಟ್ಟ. ಅವರು ಅದರಲ್ಲೇ ಉಪವಾಸ ಬಿಟ್ಟರು. ನಾನೂ ನೀರಿನ ಹೂಜಿಗೆ ಕೈ ಹಾಕಿದೆ. ಉಮ್ಮ ಹೂಜಿಯನ್ನು ಆಚೆ ಸರಿಸಿದರು.

“ನಿನಗೆ ಎಂತ ಕಾಯಿಲೆ? ಮಕ್ಕಳ ಶರಬತ್ತು ಕುಡಿ.”

ಮನೆಯಲ್ಲೇ ಮಾಡಿದ ಲಿಂಬೆಯದು. ಕುಡಿದೆ. ಸಿಹಿ ಇತ್ತು. ಅದು ಸಕ್ಕರೆ ಅಂತ ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು.